ಸೈಕಲ್ಲಿನ ತೂಕ, ಸವಾರನ ತೂಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಸೈಕಲ್ಲಿಗೆ ಸಂಬಂಧಿಸಿದವೇ ನಾಲ್ಕು ಇದ್ದುದರಿಂದ ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಪತ್ರ ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ, ವಯಸ್ಸು 41. ಎರಡು ವರ್ಷದ ಹಿಂದೆ ವೈದ್ಯರು ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೀರಿ ಎಂದು ಎಚ್ಚರಿಸಿದಾಗ 13 ಸಾವಿರ ರೂಪಾಯಿಗೆ ಸೈಕಲ್ ಕೊಂಡು, ಭಾನುವಾರ ಬೆಳಿಗ್ಗೆ ಆನೆಗೊಂದಿ, ಸಾಣಾಪುರದ ಕಡೆ ಹೋಗುವ ಗೆಳೆಯರ ಗುಂಪು ಸೇರಿದೆ. ಮೊದಲ ಆರು ತಿಂಗಳು ಬಹಳ ಸುಖವಾಗಿದ್ದವು. ಆಮೇಲೆ ಒಬ್ಬೊಬ್ಬರೇ ಸೈಕಲ್ ಬದಲಾಯಿಸಿದರು, ನಾನೂ 85 ಸಾವಿರದ ಸೈಕಲ್ ಕೊಂಡೆ. ಪೆಡಲಿಗೆ ಕಚ್ಚಿಕೊಳ್ಳುವ ಬೂಟು, ವೇಗ ತೋರಿಸುವ ಯಂತ್ರ ಎಲ್ಲ ಬಂದವು. ಈಗ ರಾತ್ರಿ ಹನ್ನೊಂದರವರೆಗೂ ಮೊಬೈಲಿನಲ್ಲಿ ಕಾರ್ಬನ್ ಚಕ್ರಗಳ ವಿಡಿಯೊ ನೋಡುತ್ತೇನೆ, ಬೆಳಿಗ್ಗೆ ಏಳಲು ಆಗುವುದಿಲ್ಲ. 60 ಸಾವಿರದ ಆ ಚಕ್ರಗಳಿಂದ 400 ಗ್ರಾಂ ತೂಕ ಉಳಿಯುತ್ತದಂತೆ. ಸೈಕಲ್ 10 ಕೆ.ಜಿ., ನಾನು 73 ಕೆ.ಜಿ. ಕೊಳ್ಳಲೇ? ಮನೆಯಾಕೆ ಇದನ್ನು ಹುಚ್ಚು ಎನ್ನುತ್ತಾಳೆ.

ಉತ್ತರ: ಕೊಳ್ಳಬೇಡಿ. ಮನೆಯವರ ಮಾತಿಗೆ ಹೆದರಿ ಹೀಗೆ ಹೇಳುತ್ತಿಲ್ಲ, ನೀವು ಲೆಕ್ಕ ಬಲ್ಲವರಾದ್ದರಿಂದ ಲೆಕ್ಕವನ್ನೇ ಮುಂದಿಡುತ್ತೇನೆ. ನಿಮ್ಮ ತೂಕ, ಸೈಕಲ್ಲಿನ ತೂಕ, ಎರಡು ಬಾಟಲಿ ನೀರು, ಬೂಟು ಎಲ್ಲ ಕೂಡಿಸಿದರೆ ರಸ್ತೆಯ ಮೇಲೆ ಉರುಳುವುದು ಸುಮಾರು 85 ಕೆ.ಜಿ. ಅದರಲ್ಲಿ 400 ಗ್ರಾಂ ಎಂದರೆ ನೂರಕ್ಕೆ ಅರ್ಧದಷ್ಟೂ ಅಲ್ಲ. ಏಪ್ರಿಲ್ ತಿಂಗಳಲ್ಲಿ ಆನೆಗೊಂದಿ ಮುಟ್ಟುವ ಮೊದಲೇ ನೀವು ಅರ್ಧ ಲೀಟರ್ ನೀರು ಕುಡಿದಿರುತ್ತೀರಿ, ಅದು 500 ಗ್ರಾಂ. ಕುಡಿದ ನೀರು ಹೊಟ್ಟೆಯಲ್ಲೇ ಇರುತ್ತದಲ್ಲ ಎಂದು ವಾದಿಸಬೇಡಿ, ನಮ್ಮ ಸೀಮೆಯ ಬಿಸಿಲಿನಲ್ಲಿ ಅದು ಎಷ್ಟು ಹೊತ್ತು ಅಲ್ಲಿ ನಿಲ್ಲುತ್ತದೆ ಎಂಬುದು ನಿಮ್ಮ ಅಂಗಿಗೆ ಗೊತ್ತು. ತಿರುಗುವ ಚಕ್ರದ ತೂಕವನ್ನು ಎರಡರಷ್ಟೆಂದು ಎಣಿಸಬೇಕು ಎಂದು ವಿಡಿಯೊದವರು ಹೇಳಿರಬಹುದು. ವೇಗ ಏರಿಸುವ ಗಳಿಗೆಯಲ್ಲಿ ಆ ಮಾತು ನಿಜವೇ, ಆದರೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಆ ಸಮತಟ್ಟಾದ ಗದ್ದೆಬಯಲಿನಲ್ಲಿ ಒಂದೇ ವೇಗದಲ್ಲಿ ಸಾಗುವವನಿಗೆ ಅದರಿಂದ ಆಗುವ ಲಾಭ ಏನೂ ಇಲ್ಲ.

ಹಾಗೆಂದು ಬಿಡಿಭಾಗಗಳಿಂದ ಏನೂ ಪ್ರಯೋಜನವಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಗಂಟೆಯಲ್ಲಿ ಎಷ್ಟು ದೂರ ತುಳಿಯಬಹುದು ಎಂಬ ದಾಖಲೆಯ ಕಥೆಯನ್ನೇ ನೋಡಿ. ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1972ರಲ್ಲಿ ಮೆಕ್ಸಿಕೊ ನಗರದಲ್ಲಿ 49.431 ಕಿಲೊಮೀಟರ್ ತುಳಿದರು. ಬ್ರಿಟನ್ನಿನ ಕ್ರಿಸ್ ಬೋರ್ಡ್‌ಮನ್ 1996ರಲ್ಲಿ ವಿಶೇಷ ಸೈಕಲ್ಲಿನ ಮೇಲೆ ಎರಡೂ ಕೈ ಮುಂದಕ್ಕೆ ಚಾಚಿ, ಮೈಯನ್ನು ಹಲಗೆಯಂತೆ ಮಾಡಿಕೊಂಡು 56.375 ಕಿಲೊಮೀಟರ್ ತುಳಿದರು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಹಳೆಯ ಮಾದರಿಯ ಸೈಕಲ್ಲಿನಲ್ಲೇ ಮಾಡಿ ತೋರಿಸಬೇಕು ಎಂಬ ನಿಯಮ ತಂದ ಮೇಲೆ ಅದೇ ಬೋರ್ಡ್‌ಮನ್ 2000ದಲ್ಲಿ ತುಳಿದದ್ದು 49.441 ಕಿಲೊಮೀಟರ್, ಅಂದರೆ ಮರ್ಕ್ಸ್‌ಗಿಂತ ಕೇವಲ 10 ಮೀಟರ್ ಹೆಚ್ಚು. ಸುಮಾರು 7 ಕಿಲೊಮೀಟರಿನ ಆ ಅಂತರದಲ್ಲಿ ಯಂತ್ರದ ಮತ್ತು ಕೂರುವ ಭಂಗಿಯ ಪಾಲು ಎಷ್ಟು ದೊಡ್ಡದೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಅದು ಗಂಟೆಗೆ 50 ಕಿಲೊಮೀಟರ್ ವೇಗದವರ ಸಂಗತಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುವುದರಿಂದ ಅಂಥವರಿಗೆ ಗಾಳಿಯೇ ದೊಡ್ಡ ಎದುರಾಳಿ. ನಿಮ್ಮ ಗುಂಪಿನ ವೇಗ ಗಂಟೆಗೆ 18 ಕಿಲೊಮೀಟರ್ ಇದ್ದೀತು. ಆ ವೇಗದಲ್ಲೂ ಗಾಳಿಯನ್ನು ತಡೆಯುವುದು ಬಹುಪಾಲು ನಿಮ್ಮ ಮೈಯೇ ಹೊರತು ಚಕ್ರವಲ್ಲ. ಶ್ರಾವಣದ ಪಡುವಣ ಗಾಳಿ ಎದುರಾದಾಗ ಮೊಣಕೈ ತುಸು ಮಡಿಸಿ, ಗುಂಪಿನಲ್ಲಿ ದಪ್ಪಗಿರುವ ಗೆಳೆಯರ ಹಿಂದೆ ಸೇರಿಕೊಳ್ಳಿ. ಇದಕ್ಕೆ ಖರ್ಚಿಲ್ಲ.

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಿಮ್ಮಂತೆಯೇ ನಾನೂ ಕೈ ಸಡಿಲ ಬಿಟ್ಟು ಖರ್ಚು ಮಾಡಿ ತೆಳು ಟಯರಿನ ಸೈಕಲ್ ಕೊಂಡೆ. ಇಟಗಿಯ ಮಹಾದೇವ ದೇವಾಲಯ ನೋಡಿಕೊಂಡು ಕೊಪ್ಪಳಕ್ಕೆ ಮರಳುವಾಗ ಹಿಂದಿನ ಚಕ್ರದ ಗಾಳಿ ಇಳಿಯಿತು. ಹತ್ತಿರದ ಹಳ್ಳಿಯ ಪಂಕ್ಚರ್ ಅಂಗಡಿಯವರು ತೇಪೆ ಹಚ್ಚಿದರು, ಆದರೆ ಗಾಳಿ ತುಂಬಲು ಹೋದರೆ ನನ್ನ ಟ್ಯೂಬಿನ ಸಪೂರ ವಾಲ್ವಿಗೆ ಅವರ ಪಂಪು ಕೂರಲಿಲ್ಲ. "ಇದರ ಮೂಗಿಗೆ ನಮ್ಮ ಪಂಪ್ ಹತ್ತಂಗಿಲ್ರೀ ಸರ" ಎಂದರು. ಹೊಸ ಟ್ಯೂಬ್ ಹಾಕೋಣವೆಂದರೆ ಅವರಲ್ಲಿದ್ದದ್ದು ಊರೂರಿನಲ್ಲೂ ಸಿಗುವ 28 ಇಂಚಿನದು. ಆ ಅಳತೆಯ ಟಯರು ಕೂರುವ ರಿಮ್ಮಿನ ವ್ಯಾಸ 635 ಮಿಲಿಮೀಟರ್, ನನ್ನದು 622, ಅಗಲವೂ ಬೇರೆ. ಪಂಪನ್ನು ಕೂರಿಸಲು ಬೇಕಾಗುವ ಚಿಕ್ಕ ಹಿತ್ತಾಳೆಯ ಬಿರಡೆಗೆ ನಾಲ್ಕು ಚಹದ ದುಡ್ಡು ಸಾಕು. ನಾನು ಕೊಂಡ ಸಾಮಾನುಗಳ ರಾಶಿಯಲ್ಲಿ ಅದೊಂದೇ ಇರಲಿಲ್ಲ. ಏಕೆಂದರೆ ಅದರ ಬಗ್ಗೆ ಯಾರೂ ವಿಡಿಯೊ ಮಾಡಿರಲಿಲ್ಲ. ಆ ದಿನ ನಾನೂ ನನ್ನ ಸೈಕಲ್ಲೂ ಮನೆಗೆ ಬಂದದ್ದು ಟಂಟಂ ಗಾಡಿಯಲ್ಲಿ, ಕೊತ್ತಂಬರಿ ಸೊಪ್ಪಿನ ಮೂಟೆಗಳ ನಡುವೆ.

ಅಂದಿನಿಂದ ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡಿದ್ದೇನೆ. ದಾರಿಯಲ್ಲಿ ನನ್ನನ್ನು ನಿಲ್ಲಿಸಿದ್ದು ಅಥವಾ ನೋಯಿಸಿದ್ದು ಯಾವುದು ಎಂದು ಮರಳಿದ ಕೂಡಲೇ ಅದರಲ್ಲಿ ಬರೆಯುತ್ತೇನೆ, ಮೂರು ಸಲ ಬಂದದ್ದಕ್ಕೆ ಮಾತ್ರ ಹಣ ತೆಗೆಯುತ್ತೇನೆ. ಮೊದಲ ವರ್ಷ ಬರೆದದ್ದು ನಾಲ್ಕೇ ಬಾಬತ್ತು: ಒಣಗಿ ಕಿರುಗುಟ್ಟುವ ಚೈನು, ಸೀಟು ತಗ್ಗಾಗಿದ್ದರಿಂದ ಮೊಣಕಾಲು ನೋವು, ಪಂಪು, ಮತ್ತು ಹಸಿವು. ಚೈನಿಗೆ ಎಣ್ಣೆ ಬಿಟ್ಟೆ. ಪೆಡಲ್ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗುವಷ್ಟು ಸೀಟು ಏರಿಸಿದೆ, ನೋವು ಹೋಯಿತು. ಹಸಿವಿಗೆ ಶೇಂಗಾ ಚಿಕ್ಕಿ. ನಿಮ್ಮ ಪುಸ್ತಕದಲ್ಲಿ ಚಕ್ರದ ತೂಕವೇ ಮೂರು ಸಲ ಬಂದರೆ ಮತ್ತೆ ಬರೆಯಿರಿ, ನನ್ನ ಮಾತು ಹಿಂದಕ್ಕೆ ಪಡೆಯುತ್ತೇನೆ.

ಇನ್ನೊಂದು ಮಾತು. ಸೈಕಲ್ಲಿನ ಭಾಗಗಳನ್ನು ಕೂಡಿಹಾಕುವುದೂ, ಬಿಚ್ಚಿ ಜೋಡಿಸುವುದೂ ಒಂದು ಒಳ್ಳೆಯ ಹವ್ಯಾಸವೇ. ಗಡಿಯಾರ ಕೂಡಿಹಾಕುವವರಿಲ್ಲವೇ? ಆದರೆ ನಿಮ್ಮ ಪತ್ರದಲ್ಲಿ ಆ ಭಾಗಗಳಿಂದ ಸಂತೋಷವಾಯಿತು ಎಂಬ ಒಂದು ವಾಕ್ಯವೂ ನನಗೆ ಸಿಗಲಿಲ್ಲ, ಸುಖದ ಮಾತು ಬಂದದ್ದು ಮೊದಲ ಆರು ತಿಂಗಳ ಬಗ್ಗೆ ಮಾತ್ರ. ಆ 13 ಸಾವಿರದ ಸೈಕಲ್ ಇನ್ನೂ ಮನೆಯಲ್ಲಿದ್ದರೆ ಅದಕ್ಕೆ ಗಾಳಿ ತುಂಬಿಸಿ, ಹೊಸದರಲ್ಲಿರುವ ವೇಗದ ಯಂತ್ರವನ್ನು ಒಂದು ತಿಂಗಳು ಕಪಾಟಿನಲ್ಲಿಟ್ಟು, ವಾರದ ನಡುವೆ ಒಂದು ಬೆಳಿಗ್ಗೆ ಒಬ್ಬರೇ ಆನೆಗೊಂದಿಯ ಹೊಳೆದಂಡೆಯವರೆಗೆ ಹೋಗಿಬನ್ನಿ. ನಾಟಿಯ ಕಾಲವಾಗಿದ್ದರೆ ಗದ್ದೆಯ ನೀರಿನಲ್ಲಿ ಬಂಡೆಗುಡ್ಡಗಳ ನೆರಳು ಕಾಣುತ್ತದೆ, ಬೇಕೆನಿಸಿದಲ್ಲಿ ನಿಲ್ಲಿ. ಗುಂಪಿನಲ್ಲಿ ಹಿಂದೆ ಬೀಳುತ್ತೇನೆ ಎಂಬ ಅಳುಕೇ ನಿಮ್ಮನ್ನು ಆ ಚಕ್ರಗಳ ಕಡೆ ತಳ್ಳುತ್ತಿದೆ ಎಂದು ನನ್ನ ಗುಮಾನಿ. ವೈದ್ಯರು ಹೇಳಿದ್ದು ಸೈಕಲ್ ಹೊಡೆಯಲು, ಅದಕ್ಕೆ ನಸುಕಿನಲ್ಲಿ ಏಳಬೇಕು, ಆದ್ದರಿಂದ ರಾತ್ರಿ ಒಂಬತ್ತರ ಮೇಲೆ ಮೊಬೈಲನ್ನು ಮನೆಯವರ ವಶಕ್ಕೆ ಕೊಡಿ.

ಪ್ರಶ್ನೆ: ಕುಷ್ಟಗಿಯ ಹತ್ತಿರದ ಹಳ್ಳಿಯಿಂದ ಸೈಕಲ್ಲಿನಲ್ಲಿ ಕಾಲೇಜಿಗೆ ಹೋಗುತ್ತೇನೆ. ಹೊಲದ ಬದಿಯ ದಾರಿಯಾದ್ದರಿಂದ ತಿಂಗಳಿಗೆ ನಾಲ್ಕೈದು ಸಲ ಪಂಕ್ಚರ್ ಆಗುತ್ತದೆ. ಟಯರಿನೊಳಗೆ ತೂತು ಮುಚ್ಚುವ ದ್ರವ ಹಾಕಿಸು ಎಂದು ಗೆಳತಿಯ ಅಣ್ಣ ಹೇಳುತ್ತಾರೆ. ಅಪ್ಪ ಇದೆಲ್ಲ ಷೋಕಿ ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ಅಣ್ಣನ ಮಾತು ಸರಿ, ತಂಗಿ. ಇದು ನಿಮ್ಮ ದಾರಿಯೇ ಕೇಳುತ್ತಿರುವ ಸಾಮಾನು. ನಮ್ಮ ನೆರೆಯ ಜಿಲ್ಲೆಯ ಹೆಸರನ್ನೇ ಹೊತ್ತಿರುವ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದ ಗಿಡ. ಬದುವಿನ ಜಾಲಿ ಕಡಿದವರು ಬಿಟ್ಟುಹೋದ ಒಣ ಮುಳ್ಳಿನ ಟಿಸಿಲು ದಾರಿಯಲ್ಲಿ ಬಿದ್ದಿದ್ದರೆ ದುಬಾರಿ ಟಯರೂ ಒಂದೇ, ಅಗ್ಗದ್ದೂ ಒಂದೇ. ನಿಮ್ಮದು ಸಾಧಾರಣ ಸೈಕಲ್ ಆಗಿದ್ದರೆ ಟ್ಯೂಬ್ ಇಲ್ಲದ ಟಯರು ಹಾಕಿಸುವ ಗೋಜು ಬೇಡ, ಅದಕ್ಕೆ ರಿಮ್ಮೇ ಬೇರೆ ಬೇಕು. ಟ್ಯೂಬಿಗೇ ಹಾಕುವ ದ್ರವ ಸಿಗುತ್ತದೆ, ನಮ್ಮ ಹಳೆಯ ಮಾದರಿಯ ವಾಲ್ವು ಇಡಿಯಾಗಿ ಹೊರಬರುವುದರಿಂದ ಅದನ್ನು ಒಳಗೆ ಸುರಿಯುವುದೂ ಸುಲಭ. ಅದು ಮುಳ್ಳಿನಂಥ ಚಿಕ್ಕ ತೂತನ್ನು ಮುಚ್ಚುತ್ತದೆ, ಗಾಜಿನ ಸೀಳನ್ನು ಮುಚ್ಚದು. ಬೇಸಿಗೆಯಲ್ಲಿ ಬೇಗ ಒಣಗುವುದರಿಂದ ಕೆಲವು ತಿಂಗಳಿಗೊಮ್ಮೆ ಮತ್ತೆ ಹಾಕಿಸಬೇಕಾಗುತ್ತದೆ.

ಅದಕ್ಕೂ ಮೊದಲು ಅಪ್ಪನಿಗೂ ಒಪ್ಪಿಗೆಯಾಗುವ ಒಂದು ಉಪಾಯವಿದೆ. ಹಳೆಯ ಟ್ಯೂಬೊಂದನ್ನು ಉದ್ದಕ್ಕೆ ಸೀಳಿ, ಟಯರು ಮತ್ತು ಹೊಸ ಟ್ಯೂಬಿನ ನಡುವೆ ಹಾಸಿಸಿ. ಸೈಕಲ್ ತುಸು ಭಾರವೆನಿಸುತ್ತದೆ, ಆದರೆ ಸಣ್ಣ ಮುಳ್ಳು ಅದರಲ್ಲೇ ಸಿಕ್ಕಿ ನಿಲ್ಲುತ್ತದೆ. ತೇಪೆ ಹಚ್ಚಿಸಿದಾಗಲೆಲ್ಲ ಟಯರಿನ ಒಳಮೈಯನ್ನು ಬೆರಳಿನಿಂದ ನಿಧಾನವಾಗಿ ಸವರಿ ನೋಡಿ. ಒಂದೇ ವಾರದಲ್ಲಿ ಎರಡನೆಯ ಸಲ ಗಾಳಿ ಹೋದರೆ ಹೊಸ ಮುಳ್ಳು ಚುಚ್ಚಿತೆಂದು ತಿಳಿಯಬೇಡಿ, ಹಳೆಯ ಮುಳ್ಳಿನ ತುದಿ ಅಲ್ಲೇ ಮುರಿದು ಉಳಿದಿರುವುದೇ ಹೆಚ್ಚು.

ಪ್ರಶ್ನೆ: ನಾವು ರಾಯಚೂರಿನವರು. ಒಂಬತ್ತನೆಯ ತರಗತಿಯ ಮಗ ದಪ್ಪ ಟಯರಿನ, ಎರಡೂ ಕಡೆ ಸ್ಪ್ರಿಂಗ್ ಇರುವ, 21 ಗೇರಿನ ಸೈಕಲ್ಲೇ ಬೇಕೆಂದು ಹಟ ಹಿಡಿದಿದ್ದಾನೆ. ಶಾಲೆ 4 ಕಿಲೊಮೀಟರ್ ದೂರ. ಮನೆಯಲ್ಲಿ ಅವನ ದೊಡ್ಡಪ್ಪನ ಹಳೆಯ ಸೈಕಲ್ ಇದೆ, ಮುಟ್ಟುವುದಿಲ್ಲ.

ಉತ್ತರ: ದೊಡ್ಡಪ್ಪನ ಸೈಕಲ್ಲನ್ನು ಬಲವಂತವಾಗಿ ಹೇರಬೇಡಿ. ಅಳತೆಗೆ ದೊಡ್ಡದಾದ ಸೈಕಲ್ಲಿನಲ್ಲಿ, ನಡುಕಂಬಿಯ ಒಳಗಿನಿಂದ ಕಾಲು ತೂರಿಸಿ ಕಲಿತ ನಮ್ಮ ಕಾಲದ ಕಥೆ ಹೇಳಲು ಚೆನ್ನಾಗಿರುತ್ತದೆ, ಮಂಡಿ ಕೆತ್ತಿಕೊಂಡದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ. ಆದರೆ ಅವನು ಕೇಳುತ್ತಿರುವುದೂ ಬೇಡ. ಅಗ್ಗದ ಸೈಕಲ್ಲುಗಳಲ್ಲಿ ಹಿಂದಿನ ಸ್ಪ್ರಿಂಗು ತುಳಿದ ಬಲದಲ್ಲಿ ಒಂದು ಪಾಲನ್ನು ತಾನೇ ನುಂಗುತ್ತದೆ, ದಪ್ಪ ಟಯರು ಡಾಂಬರಿನ ಮೇಲೆ ಭಾರವಾಗಿ ಉರುಳುತ್ತದೆ, ರಾಯಚೂರಿನಂಥ ಬಹುಮಟ್ಟಿಗೆ ಮಟ್ಟಸವಾದ ಊರಿನಲ್ಲಿ 21 ಗೇರುಗಳಲ್ಲಿ 18 ತುಕ್ಕು ಹಿಡಿಯುತ್ತವೆ. ನಮ್ಮ ಸರ್ಕಾರ 2006-07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಹಂಚಿದ್ದು ಗೇರಿಲ್ಲದ ಸಾದಾ ಸೈಕಲ್ಲುಗಳನ್ನೇ, ಹಳ್ಳಿಯ ಹುಡುಗಿಯರು ಅವುಗಳ ಮೇಲೆಯೇ ಹೈಸ್ಕೂಲು ಮುಗಿಸಿದರು. ಅವನ ಎತ್ತರಕ್ಕೆ ಹೊಂದುವ, ಸ್ಪ್ರಿಂಗಿಲ್ಲದ, ಒಳ್ಳೆಯ ಬ್ರೇಕಿರುವ ಸೈಕಲ್ ಕೊಡಿಸಿ, ಬಣ್ಣ ಮಾತ್ರ ಅವನೇ ಆರಿಸಲಿ. ಹದಿನಾಲ್ಕರ ವಯಸ್ಸಿನಲ್ಲಿ ಗೆಳೆಯರ ಕಣ್ಣು ಎಂಬುದೂ ಒಂದು ಸಂಗತಿಯೇ, ಅದನ್ನು ತೀರ ತಳ್ಳಿಹಾಕಬೇಡಿ.

ಪ್ರಶ್ನೆ: ನಾನು ಬಳ್ಳಾರಿಯ ನಿವೃತ್ತ ನೌಕರ, ವಯಸ್ಸು 66. ನಲವತ್ತು ವರ್ಷದಿಂದ ಒಂದೇ ಸೈಕಲ್ಲಿನಲ್ಲಿ ನಸುಕಿನಲ್ಲೇ ಸುತ್ತಾಡುತ್ತೇನೆ. ಈಗಿನ ಹುಡುಗರ ಬಿಗಿ ಚಡ್ಡಿ, ತಲೆಗೆ ಹೆಲ್ಮೆಟ್, ಮಿಣುಕುವ ದೀಪ ನೋಡಿದರೆ ನಗು ಬರುತ್ತದೆ. ಇದೆಲ್ಲ ಆಡಂಬರವಲ್ಲವೇ?

ಉತ್ತರ: ಕೆಲವು ಹೌದು, ಎಲ್ಲವೂ ಅಲ್ಲ. ಆ ಚಡ್ಡಿಯೊಳಗೆ ಮೆತ್ತೆ ಇರುತ್ತದೆ, ಮೂರು ತಾಸು ಕಿರಿದಾದ ಸೀಟಿನ ಮೇಲೆ ಕೂರುವವನಿಗೆ ಅದು ಬೇಕೇ ಬೇಕು. ಸ್ಪ್ರಿಂಗಿನ ಅಗಲ ಸೀಟಿನ ಮೇಲೆ ನೆಟ್ಟಗೆ ಕೂರುವ ನಿಮಗೆ ಬೇಡ. ಹೆಲ್ಮೆಟ್ಟಿನ ವಿಷಯದಲ್ಲಿ ನಾನು ಹುಡುಗರ ಪರ.

ತಾವು ಹಿರಿಯರು, ಆದರೂ ಒಂದು ಮಾತು ಹೇಳಲೇಬೇಕು. ಇಲ್ಲಿ ಅಚ್ಚಾಗಿರುವುದು ತಮ್ಮ ಪತ್ರದ ಕೊನೆಯ ಪ್ಯಾರಾ ಮಾತ್ರ. ಅದರ ಮೊದಲಿನ ಎರಡು ಪುಟಗಳಲ್ಲಿ ಚರ್ಮದ ಸೀಟಿಗೆ ಯಾವ ಎಣ್ಣೆ ಹಚ್ಚುತ್ತೀರಿ, ಡೈನಮೊವನ್ನು ಯಾವ ಊರಿನಿಂದ ತರಿಸಿದಿರಿ, ಚೈನಿನ ಪೂರ್ತಿ ಡಬ್ಬಿಗೆ ಎಷ್ಟು ಸಲ ಬಣ್ಣ ಹೊಡೆಸಿದಿರಿ, ಇಂದಿನ ಗಂಟೆಗಳ ದನಿ ಹಳೆಯ ಗಂಟೆಯ ಮುಂದೆ ಏಕೆ ಸಪ್ಪೆ ಎಂಬುದೆಲ್ಲ ಇತ್ತು. ಗಂಗಾವತಿಯ ಓದುಗರೂ ತಾವೂ ಒಂದು ಸಂಜೆ ಕುಳಿತು ಮಾತಾಡಿದರೆ ಚೆನ್ನಾಗಿ ಹೊಂದಿಕೊಳ್ಳುತ್ತೀರಿ ಎಂದು ನನಗನಿಸಿತು. ಓದಿ ಬಹಳ ಖುಷಿಪಟ್ಟೆ, ಗಂಟೆಯ ವಿಷಯದಲ್ಲಿ ತಮ್ಮ ಮಾತು ಒಪ್ಪುತ್ತೇನೆ.

ಆದರೆ ಎರಡು ಕಡೆ ಆ ಹಳೆಯ ಸೈಕಲ್ ಸೋಲುತ್ತದೆ. ಹೊಳಪಿನ ಉಕ್ಕಿನ ರಿಮ್ಮು ಮಳೆಯಲ್ಲಿ ನೆಂದರೆ ಕಂಬಿ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ, ಆಗ ನಿಲ್ಲಲು ಬೇಕಾಗುವ ಅಂತರವನ್ನು ಮೊದಲೇ ಲೆಕ್ಕ ಹಾಕಿ ನಿಧಾನವಾಗಿ ಹೋಗಬೇಕು. ಎರಡನೆಯದು, ನಿಂತ ಕೂಡಲೇ ಡೈನಮೊ ದೀಪವೂ ಆರುತ್ತದೆ. ನಸುಕಿನಲ್ಲಿ ತಾವು ಹೋಗುವ ಹೊಸಪೇಟೆ ರಸ್ತೆಯಲ್ಲಿ ಅದಿರಿನ ಲಾರಿಗಳು ಹಿಂದಿನಿಂದ ಬರುತ್ತವೆ, ಚಹಕ್ಕೆಂದು ರಸ್ತೆಯ ಅಂಚಿನಲ್ಲಿ ನಿಂತ ಸೈಕಲ್ಲು ಅವರಿಗೆ ಕಾಣುವುದಿಲ್ಲ. ಸೆಲ್ಲಿನಿಂದ ಉರಿಯುವ ಒಂದು ಕೆಂಪು ದೀಪವನ್ನು ಕ್ಯಾರಿಯರಿನ ಕೆಳಗೆ, ತಮ್ಮ ಸೈಕಲ್ಲಿನ ಅಂದ ಕೆಡದ ಹಾಗೆ, ಈ ವಾರವೇ ಹಾಕಿಸಿ. ಆ ಹುಡುಗರನ್ನೇ ಕೇಳಿ, ಯಾವುದು ಒಳ್ಳೆಯದೆಂದು ಅವರು ಒಂದು ತಾಸು ಹೇಳುತ್ತಾರೆ.