ಚರಂಡಿ ಮೇಲೆ ರ‍್ಯಾಂಪ್ ಹಾಕಿಸಬಹುದೇ? ಗೇಟಿನ ಮುಂದೆ ಕಾರು ನಿಲ್ಲಿಸುವ ಹಕ್ಕು ಯಾರದು?

ದಾವಣಗೆರೆಯಲ್ಲಿ ಮನೆ ಕಟ್ಟಿಸುತ್ತಿದ್ದೀರಿ, ಗೇಟಿನಿಂದ ರಸ್ತೆವರೆಗೆ ಕಾಂಕ್ರೀಟ್ ರ‍್ಯಾಂಪ್ ಹಾಕಿಸಬೇಕು, ಮುಂದಿನ ಜಾಗ ನಿಮ್ಮ ಕಾರಿಗೇ ಉಳಿಯಬೇಕು ಎಂದು ಕೇಳಿದ್ದೀರಿ.

ಜಾಗದ ಮಾತು ಮೊದಲು. ಕಾಂಪೌಂಡ್ ದಾಟಿದರೆ ಅದು ನಿಮ್ಮದಲ್ಲ, ಚರಂಡಿಯೂ ಪಾಲಿಕೆಯದು. ಅಲ್ಲಿ ಹೂಕುಂಡ, ಸರಪಳಿ ಇಡುವಂತಿಲ್ಲ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ 288-ಡಿ ಕಲಂ ಪ್ರಕಾರ ಬೀದಿಯ ಒತ್ತುವರಿಯನ್ನು ಆಯುಕ್ತರು ನೋಟಿಸ್ ಕೊಡದೆಯೂ ತೆಗೆಸಬಹುದು. ಆದರೆ ನಿಮ್ಮ ಗೇಟಿಗೆ ಅಡ್ಡಲಾಗಿ ಬೇರೆಯವರು ಗಾಡಿ ನಿಲ್ಲಿಸುವುದೂ ತಪ್ಪೇ. ಮಾತಿಗೆ ಬಗ್ಗದಿದ್ದರೆ ಸಂಚಾರ ಠಾಣೆಗೆ ಹೇಳಿ.

ರ‍್ಯಾಂಪ್ ವಿಷಯ ಮಾತ್ರ ನಾನು ಪೆಟ್ಟು ತಿಂದು ಕಲಿತದ್ದು. ವಿದ್ಯಾನಗರದಲ್ಲಿ ಮನೆ ಕಟ್ಟಿಸಿದಾಗ, ಡಾಂಬರು ಹಾಕಿದಂತೆಲ್ಲ ರಸ್ತೆ ಏರುತ್ತದೆಂದು ಹೆದರಿ ಪಾಯದ ಜೊತೆ ಕಾರು ನಿಲ್ಲಿಸುವ ಜಾಗವನ್ನೂ ಎರಡೂವರೆ ಅಡಿ ಎತ್ತರಿಸಿಬಿಟ್ಟೆ. ಕಾರು ಹತ್ತಬೇಕಲ್ಲ, ರ‍್ಯಾಂಪ್ ರಸ್ತೆಗೆ ಇಳಿಯಿತು, ಚರಂಡಿ ಕಾಂಕ್ರೀಟಿನಡಿ ಮುಚ್ಚಿಹೋಯಿತು. ಪೌರಕಾರ್ಮಿಕರಿಗೆ ಹೂಳು ತೆಗೆಯಲು ಸಂದೇ ಇಲ್ಲ. ಒಂದು ರಾತ್ರಿ ಜೋರು ಮಳೆಗೆ ನೀರು ಕಟ್ಟಿಕೊಂಡು ಪಕ್ಕದ ಮನೆಯ ಅಜ್ಜಿಯ ಅಡುಗೆಮನೆಗೆ ನುಗ್ಗಿತು. ಜೋಳದ ಚೀಲ ನೆನೆದು ಹಾಳಾಯಿತು. ಅವರು ಒಂದು ಮಾತೂ ಬೈಯಲಿಲ್ಲ, ಅದು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತದೆ. ಅದೇ ವಾರ ಒಡೆಸಿದೆ.

ನೀವು ಹೀಗೆ ಮಾಡಿ. ಮನೆಯ ಪಾಯ ಎಷ್ಟು ಬೇಕೋ ಅಷ್ಟು ಎತ್ತರಿಸಿ, ಕಾರಿನ ಜಾಗವನ್ನು ಮಾತ್ರ ರಸ್ತೆಗಿಂತ ಅರ್ಧ ಅಡಿ ಎತ್ತರಕ್ಕಷ್ಟೇ ಬಿಡಿ. ಎಂಟು ಅಡಿ ಉದ್ದಕ್ಕೆ ಒಂದು ಅಡಿ ಏರುವಂತೆ ಇಳಿಜಾರು ಕೊಟ್ಟರೆ ನಾಲ್ಕು ಅಡಿ ಸಾಕು, ಅಷ್ಟೂ ಗೇಟಿನ ಒಳಗೇ ಮುಗಿಯುತ್ತದೆ. ಗೇಟು ಪಕ್ಕಕ್ಕೆ ಸರಿಯುವಂತಿರಲಿ, ಬೀದಿಗೆ ತೆರೆಯುವುದು ಬೇಡ. ಚರಂಡಿ ಮೇಲೆ ಗೇಟಿನ ಅಗಲಕ್ಕಷ್ಟೇ, ಹಾರೆ ಹಾಕಿ ಎತ್ತಬಹುದಾದ ಬಿಡಿ ಚಪ್ಪಡಿ ಅಥವಾ ಕಬ್ಬಿಣದ ಜಾಲರಿ ಇರಲಿ. ಸಿಮೆಂಟ್ ಹಾಕಿ ಅಂಟಿಸಬೇಡಿ. ಅದಕ್ಕೂ ಮುಂಚೆ ವಾರ್ಡಿನ ಇಂಜಿನಿಯರನ್ನು ಒಂದು ಮಾತು ಕೇಳಿ.

ಕಾರು ನಿಲ್ಲುವ ಜಾಗವನ್ನು ಪ್ಲಾನಿನಲ್ಲೇ ತೋರಿಸಿ ಮಂಜೂರು ಮಾಡಿಸಿ. ಉದ್ದ 5 ಮೀಟರ್, ಅಗಲ 2.75 ಮೀಟರ್ ಇಟ್ಟುಕೊಳ್ಳಿ. ಮೂವತ್ತು-ನಲವತ್ತರ ಸೈಟಾದರೆ ಒಂದು ಕೋಣೆ ಚಿಕ್ಕದಾಗಬಹುದು, ಆಗಲಿ ಬಿಡಿ. ಸೆಟ್‌ಬ್ಯಾಕ್, ಅಂದರೆ ಮನೆಯ ಮುಂದೆ ಖಾಲಿ ಬಿಡುವ ಜಾಗದಲ್ಲೇ ತೂರಿಸಲು ಹೋದರೆ ಕಾರಿನ ಮೂತಿ ಬೀದಿಗೆ ಬರುತ್ತದೆ.

ಪಾಯಕ್ಕೆ ಮಣ್ಣು ತುಂಬುವ ಮೊದಲೇ ಮೇಸ್ತ್ರಿಯನ್ನು ನಿಲ್ಲಿಸಿಕೊಂಡು ಈ ಮಟ್ಟ ಹಿಡಿಸಿ. ತುಂಬಿದ ಮೇಲೆ ಯಾರೂ ಅಗೆಯುವುದಿಲ್ಲ.