ಕದಿಯಲು ಹೋಗಿ ಸತ್ತವರಿಗೆ ಮರುಕವೇಕೆ?

ಕದಿಯಲು ಹೋಗಿ ಪ್ರಾಣ ಕಳೆದುಕೊಂಡವರಿಗೆ ಮರುಕವೇಕೆ, ಅದು ತಕ್ಕ ಶಾಸ್ತಿಯಲ್ಲವೇ ಎಂದು ಕೇಳಿದ್ದೀರಿ. ಮೆಕ್ಸಿಕೊದ ತ್ಲಾವೆಲಿಲ್ಪಾನ್‌ನಲ್ಲಿ 2019ರ ಜನವರಿ 18ರಂದು, ಕಳ್ಳರು ಕೊರೆದಿದ್ದ ಕೊಳವೆಯಿಂದ ಚಿಮ್ಮುತ್ತಿದ್ದ ಪೆಟ್ರೋಲನ್ನು ಬಕೆಟ್ಟು, ಕ್ಯಾನುಗಳಲ್ಲಿ ತುಂಬಿಕೊಳ್ಳಲು ನೂರಾರು ಜನ ಸೇರಿದ್ದಾಗ ಬೆಂಕಿ ಹೊತ್ತಿಕೊಂಡಿತು. ಸ್ಥಳದಲ್ಲಿಯೂ ಅನಂತರ ಆಸ್ಪತ್ರೆಗಳಲ್ಲಿಯೂ ಸತ್ತವರು 130ಕ್ಕೂ ಹೆಚ್ಚು. ಅವರು ಮಾಡಿದ್ದು ಕಳ್ಳತನವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೊಳವೆ ಕೊರೆದು ಇಂಧನ ಮಾರುವ ಜಾಲದವನಿಗೂ, ಪೆಟ್ರೋಲಿನ ಅಭಾವವಿದ್ದ ಆ ದಿನಗಳಲ್ಲಿ ಕ್ಯಾನು ಹಿಡಿದು ಓಡಿಬಂದ ಹಳ್ಳಿಗನಿಗೂ ಒಂದೇ ಅಳತೆಗೋಲು ಹಿಡಿಯುವುದನ್ನು ನಾನು ಒಪ್ಪಲಾರೆ. ನಮ್ಮ ಭಾರತೀಯ ನ್ಯಾಯ ಸಂಹಿತೆಯೂ ಮೊದಲ ಬಾರಿಯ ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ 3 ವರ್ಷಗಳ ಸೆರೆವಾಸವನ್ನು ವಿಧಿಸುತ್ತದೆಯೇ ಹೊರತು ಮರಣವನ್ನಲ್ಲ. ಸುಟ್ಟ ಹೊಲದಲ್ಲಿ ತಮ್ಮವರ ಗುರುತಿಗಾಗಿ ಹುಡುಕಾಡಿದ ಬಂಧುಗಳನ್ನು ನೆನೆದಾಗ, ಶಾಸ್ತಿಯೆಂಬ ಮಾತನ್ನು ನೀವು ಮತ್ತೊಮ್ಮೆ ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ.