ಕೇಳಿ ಪಡೆದ ಚಪ್ಪಾಳೆ

ಪತ್ರ: ಮಗಳು ಕರೆದಳೆಂದು ಬೆಂಗಳೂರಿನಲ್ಲಿ ಟಿವಿ ಕ್ವಿಜ್ ಶೋ ಒಂದರ ಶೂಟಿಂಗ್‌ಗೆ ಪ್ರೇಕ್ಷಕಿಯಾಗಿ ಹೋಗಿದ್ದೆ. ಆಟ ಶುರುವಾಗುವ ಮೊದಲೇ ನಮ್ಮಿಂದ ಚಪ್ಪಾಳೆ ಹೊಡೆಸಿದರು, ನಗಿಸಿದರು, ಬಾಯಿಗೆ ಕೈ ಇಟ್ಟು 'ಅಯ್ಯೋ' ಅನ್ನಿಸಿದರು. ಎಲ್ಲವನ್ನೂ ಕ್ಯಾಮೆರಾದಲ್ಲಿ ತುಂಬಿಕೊಂಡರು. ಸ್ಪರ್ಧಿ ಒಳಗೆ ಬಂದದ್ದೂ ಎರಡೆರಡು ಸಲ. ಆಮೇಲೆ ಟಿವಿಯಲ್ಲಿ ನೋಡಿದರೆ, ಸ್ಪರ್ಧಿ ತನ್ನ ತಾಯಿಯ ಕಷ್ಟ ಹೇಳುವಾಗ ನಾನು ಕಣ್ಣೊರೆಸಿಕೊಳ್ಳುತ್ತಿದ್ದೇನೆ! ಅದು ಊಟ ಮುಗಿಸಿ ಆಕಳಿಸಿದಾಗ ಬಂದ ನೀರು. ಇದು ಮೋಸ ಅಲ್ವಾ? ಆ ದೃಶ್ಯವನ್ನು ತೆಗೆಸಬಹುದಾ?
— ನಿವೃತ್ತ ಶಿಕ್ಷಕಿ, ಕಾಪು

ಉತ್ತರ: ಟೀಚರೇ, ನಿಮ್ಮ ಪತ್ರ ಓದಿ ನಮ್ಮ ಕಚೇರಿಯಲ್ಲಿ ಎಲ್ಲರೂ ನಕ್ಕರು. ಸಿಟ್ಟಾಗಬೇಡಿ, ನಕ್ಕದ್ದು ಆಕಳಿಕೆಗೆ. ಅದನ್ನೂ ಅಳುವನ್ನಾಗಿ ಮಾರಿಕೊಂಡ ಎಡಿಟರ್ ಸಾಮಾನ್ಯನಲ್ಲ.

ಟಿವಿಯವರ ಪರವಾಗಿಯೂ ಒಂದು ಮಾತು ಹೇಳಿಬಿಡುತ್ತೇನೆ. ಸ್ಟುಡಿಯೊ, ಲೈಟು, ಜನ ಎಲ್ಲಕ್ಕೂ ದಿನದ ಲೆಕ್ಕದಲ್ಲಿ ದುಡ್ಡು ಹೋಗುತ್ತದೆ. ಹಾಗಾಗಿ ಒಂದೇ ದಿನದಲ್ಲಿ ಹಲವು ಸಂಚಿಕೆ ಮುಗಿಸುತ್ತಾರೆ. ಅಮೆರಿಕದ 'ಜೆಪರ್ಡಿ' ಎಂಬ ಕ್ವಿಜ್‌ನಲ್ಲಿ ಒಂದು ದಿನಕ್ಕೆ ಐದು ಸಂಚಿಕೆ. ಗೆದ್ದವನು ಒಳಗೆ ಹೋಗಿ ಅಂಗಿ ಬದಲಿಸಿ ಬರುತ್ತಾನೆ, ನೋಡುವವರಿಗೆ ಅದು ಮರುದಿನ. ಮೈಕ್ ಕೈ ಕೊಟ್ಟರೆ, ಮುಖ ಬೆವೆತು ಹೊಳೆದರೆ ಮತ್ತೊಮ್ಮೆ ನಡೆದು ಬನ್ನಿ ಅನ್ನಲೇಬೇಕು. ಇದನ್ನು ಮೋಸ ಅನ್ನಲಾರೆ. ಪ್ರಶ್ನೆ ಮತ್ತು ಉತ್ತರಕ್ಕೆ ಕೈ ಹಾಕಿದರೆ ಮಾತ್ರ ಮೋಸ. 1956ರಲ್ಲಿ ಅಮೆರಿಕದ 'ಟ್ವೆಂಟಿ ಒನ್' ಆಟದಲ್ಲಿ ಅದೂ ನಡೆಯಿತು. ಚಾರ್ಲ್ಸ್ ವ್ಯಾನ್ ಡೋರೆನ್ ಎಂಬ ಮೇಷ್ಟರಿಗೆ ಉತ್ತರಗಳನ್ನು ಮೊದಲೇ ಹೇಳಿಕೊಟ್ಟಿದ್ದರು. ಸೋಲುವುದು ಹೇಗೆ, ಹಣೆಯ ಬೆವರು ಒರೆಸುವುದು ಹೇಗೆ ಎಂದು ಅವನ ಎದುರಾಳಿಗೂ ಪಾಠವಾಗಿತ್ತು. 1959ರಲ್ಲಿ ವ್ಯಾನ್ ಡೋರೆನ್ ಸಂಸತ್ತಿನ ಸಮಿತಿಯ ಮುಂದೆ ಒಪ್ಪಿಕೊಂಡ. ಮರುವರ್ಷ ಅದರ ವಿರುದ್ಧ ಕಾನೂನೇ ಬಂತು. ನೀವು ನೋಡಿದ್ದು ಆ ಜಾತಿಯದ್ದಲ್ಲ. ಸರಿ, ಟಿವಿಯವರಿಗೆ ಇಷ್ಟು ಸಾಕು.

ನನ್ನ ಹೊಟ್ಟೆ ಉರಿಯುವುದು ಚಪ್ಪಾಳೆಯ ವಿಷಯಕ್ಕೆ.

ಸ್ಟುಡಿಯೊದಲ್ಲಿ ಜನರಿಗೆ ಸನ್ನೆ ಮಾಡುವ ಫ್ಲೋರ್ ಮ್ಯಾನೇಜರ್ ಕೈ ಎತ್ತಿದಾಗ ಚಪ್ಪಾಳೆ, ಇಳಿಸಿದಾಗ ಮೌನ. ಇದು ಟಿವಿ ಕಂಡುಹಿಡಿದದ್ದೇನೂ ಅಲ್ಲ. ರೋಮ್‌ನ ದೊರೆ ನೀರೋಗೆ ಹಾಡುವ ಹುಚ್ಚಿತ್ತು. ಅವನಿಗೆ ಚಪ್ಪಾಳೆ ತಟ್ಟಲು ಐದು ಸಾವಿರಕ್ಕೂ ಹೆಚ್ಚು ಯುವಕರನ್ನು ಆರಿಸಿ ತರಬೇತಿ ಕೊಟ್ಟಿದ್ದರಂತೆ, ಇತಿಹಾಸಕಾರ ಸ್ವೆಟೋನಿಯಸ್ ಬರೆದಿದ್ದಾನೆ. ಅದರಲ್ಲಿ ಬಗೆಗಳೂ ಇದ್ದವು. ಒಂದು ಜೇನ್ನೊಣದ ಗುಂಯ್ ಚಪ್ಪಾಳೆ, ಇನ್ನೊಂದು ಹಂಚಿನ ಚಪ್ಪಾಳೆ. (ಹಂಚು ಅಂದಕೂಡಲೇ ಮಂಗಳೂರಿನವರ ಕಿವಿ ನೆಟ್ಟಗಾಗುತ್ತದೆ. ಪಾಪ, ನಮ್ಮ ಹಂಚು ಹುಟ್ಟಿದ್ದು 1865ರಲ್ಲಿ, ಆ ಪಾಪದಲ್ಲಿ ನಮಗೆ ಪಾಲಿಲ್ಲ.) ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ಸಿನ ನಾಟಕಶಾಲೆಗಳಲ್ಲಿ ಬಾಡಿಗೆಗೆ ಚಪ್ಪಾಳೆ ಸಿಗುತ್ತಿತ್ತು. ನಗುವವರು ಬೇರೆ, ಕರವಸ್ತ್ರ ಹಿಡಿದು ಅಳುವ ಹೆಂಗಸರು ಬೇರೆ. ಅವರಿಗಾದರೂ ಕೂಲಿ ಇತ್ತು ಟೀಚರೇ. ನೀವು ಸುಮ್ನೆ ಅತ್ತುಕೊಟ್ಟು ಬಂದಿರಿ.

ತಮಾಷೆ ನೋಡಿ. ನಮ್ಮ 'ಕನ್ನಡದ ಕೋಟ್ಯಧಿಪತಿ'ಯ ಮೂಲ ಬ್ರಿಟನ್ನಿನ ಆಟ. 2001ರಲ್ಲಿ ಅಲ್ಲಿ ಒಬ್ಬ ಸೈನ್ಯದ ಮೇಜರ್ ಹತ್ತು ಲಕ್ಷ ಪೌಂಡ್ ಗೆದ್ದ. ಸರಿ ಉತ್ತರ ಬಂದಾಗಲೆಲ್ಲ ಸ್ಟುಡಿಯೊದಲ್ಲಿ ಕೂತಿದ್ದ ಒಬ್ಬ ಕೆಮ್ಮುತ್ತಿದ್ದ ಎಂದು ಕೇಸಾಯಿತು, 2003ರಲ್ಲಿ ಶಿಕ್ಷೆಯೂ ಆಯಿತು. ಹಣ ಕೈಗೆ ಬರಲಿಲ್ಲ. ಸ್ಟುಡಿಯೊದಲ್ಲಿ ಟಿವಿಯವರು ಹೇಳಿಸದೆ ಬಂದ ಸದ್ದು ಅದೊಂದೇ ಇರಬೇಕು, ಅದೂ ಕೋರ್ಟು ಹತ್ತಿತು!

ಈಗ ನಮ್ಮ ಕಡೆಗೆ ಬನ್ನಿ. ತಾಳಮದ್ದಲೆಗೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಕೂತಿದ್ದೀರಲ್ಲ? ವೇಷ ಇಲ್ಲ, ಬಣ್ಣ ಇಲ್ಲ, ರಿಟೇಕ್ ಮೊದಲೇ ಇಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳುತ್ತಾನೆ. ರಾಮನಿಗೆ ನಾಲ್ಕು ಆಯ್ಕೆ ಇಲ್ಲ, ಫೋನ್ ಮಾಡಿ ಕೇಳಲು ಸ್ನೇಹಿತರಿಲ್ಲ. ಆ ಕ್ಷಣಕ್ಕೆ ಹೊಳೆದದ್ದೇ ಉತ್ತರ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಕಲಾವಿದರು ಅರ್ಥ, ಅಂದರೆ ಪಾತ್ರದ ಮಾತು, ಹೇಳುವಾಗ ಚಪ್ಪಾಳೆ ತಟ್ಟಿ ಎಂದು ಯಾರಾದರೂ ಹೇಳಬೇಕಿತ್ತಾ? ಮಾತು ತಾಗಿದರೆ ಎದುರಿನ ಸಾಲಿನಿಂದ 'ಭೇಷ್' ಬರುತ್ತಿತ್ತು. ತಾಗದಿದ್ದರೆ ಜನ ಚಾ ಕುಡಿಯಲು ಎದ್ದು ಹೋಗುತ್ತಿದ್ದರು. ಹಿಂದಿನ ಸಾಲಿನಲ್ಲಿ ಗೊರಕೆ ಹೊಡೆಯುವವರಿಗೂ ಅಲ್ಲಿ ಜಾಗವಿತ್ತು. ಟಿವಿಯಲ್ಲೂ ಸಭ್ಯ ಆಟ ಇಲ್ಲವೆಂದಲ್ಲ. ಚಂದನದಲ್ಲಿ ಡಾ. ನಾ. ಸೋಮೇಶ್ವರರು 2002ರಿಂದ 'ಥಟ್ ಅಂತ ಹೇಳಿ' ನಡೆಸಿದರು. ಬಹುಮಾನ ಪುಸ್ತಕ. ಅದಕ್ಕಾಗಿ ಯಾರೂ ಎದೆ ಬಡಿದುಕೊಳ್ಳಲಿಲ್ಲ, ಜನ ನೋಡಿದರು.

ಆದರೆ ಗೆದ್ದದ್ದು ಯಾವುದು? ಆ ಎತ್ತಿದ ಕೈ. ಅದು ಸ್ಟುಡಿಯೊ ಬಿಟ್ಟು ನಮ್ಮ ಊರಿಗೂ ಬಂದಿದೆ. ಮಂಗಳೂರಿನ ಪುರಭವನಕ್ಕೆ ಪುಸ್ತಕ ಬಿಡುಗಡೆಗೆ ಹೋದರೆ ನಿರೂಪಕಿ ಹೇಳುತ್ತಾಳೆ, "ಚಪ್ಪಾಳೆ ಸಾಕಾಗ್ಲಿಲ್ಲ, ಇನ್ನೊಮ್ಮೆ ಜೋರಾಗಿ!" ಪುಸ್ತಕವನ್ನು ಇನ್ನೂ ಯಾರೂ ಓದಿಲ್ಲ. ಮದುವೆಯಲ್ಲಿ ಧಾರೆ ಎರೆಯುವ ಹೊತ್ತಿಗೆ ವಿಡಿಯೊದವ "ಭಟ್ರೇ, ಒಂದು ನಿಮಿಷ, ಇನ್ನೊಂದ್ಸಲ" ಅನ್ನುತ್ತಾನೆ. ಭಟ್ಟರೂ ನಿಲ್ಲಿಸುತ್ತಾರೆ! ಮುಹೂರ್ತ ಕ್ಯಾಮೆರಾದವನ ಕೈಯಲ್ಲಿದೆ. ಸತ್ತವರಿಗೆ ನುಡಿನಮನ ಹೇಳುವ ಸಭೆಯಲ್ಲೂ ಒಮ್ಮೆ ಚಪ್ಪಾಳೆ ಕೇಳಿದ್ದನ್ನು ನೋಡಿದ್ದೇನೆ. ಜನ ತಟ್ಟಿಯೂ ಬಿಟ್ಟರು.

ಟೀಚರೇ, ಈಗ ನಿಮ್ಮನ್ನೂ ಸ್ವಲ್ಪ ಬೈಯುತ್ತೇನೆ. ನೀವು ಯಾಕೆ ತಟ್ಟಿದಿರಿ? ಕೈ ಕಟ್ಟಿ ಕೂರಬಹುದಿತ್ತಲ್ಲ. ಶಾಲೆಯಲ್ಲಿ ಅತಿಥಿಗಳು ಬಂದಾಗ "ಎಲ್ರೂ ಚಪ್ಪಾಳೆ" ಎಂದು ಮಕ್ಕಳಿಗೆ ಕಣ್ಣು ಬಿಟ್ಟವರೂ ನಿಮ್ಮವರೇ ಅಲ್ವಾ? ಆದರೂ, ಆಕಳಿಸಿದೆ ಎಂದು ಸಹಿ ಹಾಕಿ ಬರೆಯಲು ಧೈರ್ಯ ಬೇಕು. ಅದು ನಿಮ್ಮಲ್ಲಿದೆ, ಅದಕ್ಕೇ ಇಷ್ಟು ಉದ್ದದ ಉತ್ತರ.

ದೃಶ್ಯ ತೆಗೆಸುವ ವಿಷಯ. ಗೇಟಿನಲ್ಲಿ ಫೋನ್ ಇಸಿದುಕೊಳ್ಳುವಾಗ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿರಬೇಕು, ನೆನಪು ಮಾಡಿಕೊಳ್ಳಿ. ನಿಮ್ಮ ಮುಖವನ್ನು ಹೇಗೆ ಬೇಕಾದರೂ ಬಳಸಬಹುದು ಎಂದು ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ಬರೆದು ನೋಡಿ, ತೆಗೆಯುತ್ತಾರೆ ಎಂಬ ಭರವಸೆ ನನಗಿಲ್ಲ. ಮಗಳ ಹತ್ತಿರ ಆ ಕಾಗದದ ಪ್ರತಿ ಇದ್ದರೆ ನಮಗೂ ಕಳಿಸಿ. ಮುಂದಿನ ತಿಂಗಳು ಅದನ್ನೇ ಪೂರ್ತಿ ಅಚ್ಚು ಹಾಕೋಣ.

— ಸಂಪಾದಕ